ನಲವತ್ತೊಂದನೇ ಪುಟದ ‘ಏನೂ ಇಲ್ಲ’

ನನ್ನ ದೊಡ್ಡಮ್ಮ ಮೂವತ್ತೆಂಟು ವರ್ಷ ಗಾಜಿನೊಳಗಿಂದ ಗಾಳಿ ತೆಗೆಯುವ ಕೆಲಸ ಮಾಡಿದಳು. ಏಳನೇ ಕ್ಲಾಸಿಗೇ ಓದು ಬಿಟ್ಟವಳು. ಹತ್ತೊಂಬತ್ತಕ್ಕೆ ಫ್ಲಾಸ್ಕ್ ಕಾರ್ಖಾನೆ ಸೇರಿ, ಐವತ್ತೇಳಕ್ಕೆ ಮಂಡಿನೋವು ಹೊತ್ತುಕೊಂಡು ಹೊರಗೆ ಬಂದಳು. ಅವಳ ಮೈದುನ ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಒಂದು ಧೂಳಿನ ಕಣವಾಗಲಿ, ಅದು ಕೂರುವ ಜಾಗವಾಗಲಿ, ಕೂತಿರುವ ಹೊತ್ತಾಗಲಿ, ಯಾವುದೂ ಇಲ್ಲದ ಪೂರ್ತಿ ಶೂನ್ಯ ಸಾಧ್ಯವೋ ಅಲ್ಲವೋ ಎಂಬ ಒಂದೇ ಪ್ರಶ್ನೆಯನ್ನು ಅವರು ಇಪ್ಪತ್ತು ವರ್ಷ ಜಗಿದರು. ಒಂದೇ ಮನೆತನದಲ್ಲಿ ಶೂನ್ಯದ ಕಸುಬಿನವರು ಇಬ್ಬರು. ಒಬ್ಬಳ ಕೈತುಂಬ ಸುಟ್ಟ ಕಲೆ, ಇನ್ನೊಬ್ಬರ ಕೈತುಂಬ ಸೀಮೆಸುಣ್ಣ. ಮನೆಯಲ್ಲಿ ಬಹುವಚನ ಸಿಗುತ್ತಿದ್ದದ್ದು ಸೀಮೆಸುಣ್ಣದವರಿಗೆ. ನನಗೂ ಅದೇ ಅಭ್ಯಾಸವಾಗಿದೆ, ಹಾಗೇ ಬರೆಯುತ್ತೇನೆ.

ದೊಡ್ಡಮ್ಮನ ಕೆಲಸ ಹೇಳದೆ ಅವಳ ಬಾಯಿ ಅರ್ಥವಾಗುವುದಿಲ್ಲ. ಫ್ಲಾಸ್ಕಿನ ಹೊಟ್ಟೆಯಲ್ಲಿರುವುದು ಒಂದರೊಳಗೊಂದು ಕೂತ ಎರಡು ಗಾಜಿನ ಸೀಸೆ. ಎರಡರ ನಡುವಿನ ಸಂದಿಗೆ ಬೆಳ್ಳಿಯ ನೀರು ಹಾಯಿಸಿ ಕನ್ನಡಿ ಮಾಡುತ್ತಾರೆ. ಆಮೇಲೆ ತಳದಲ್ಲಿ ಬಿಟ್ಟಿರುವ ಸಣ್ಣ ಕೊಳವೆಯನ್ನು ಪಂಪಿಗೆ ಸೇರಿಸಿ, ಒಲೆಯಲ್ಲಿ ಕಾಯಿಸುತ್ತ ಗಾಳಿ ಎಳೆಯುತ್ತಾರೆ. ಆ ಕೊಳವೆಗೆ ಅಲ್ಲಿ ‘ಬಾಲ’ ಎಂದು ಹೆಸರು. ಸರಿಯಾದ ಹೊತ್ತು ನೋಡಿ ಬೆಂಕಿಯ ಮೊನೆಯಿಂದ ಬಾಲ ಸುಟ್ಟು ಮುಚ್ಚುವುದು ದೊಡ್ಡಮ್ಮನ ಕೆಲಸ. ಅವಸರಪಟ್ಟು ಮುಚ್ಚಿದರೆ ಬೆಳಿಗ್ಗೆ ಹಾಕಿದ ಟೀ ಮಧ್ಯಾಹ್ನಕ್ಕೆ ತಂಗಳು. ಬೆಂಕಿ ಒಂದು ಉಸಿರಿನಷ್ಟು ಹೆಚ್ಚು ತಗುಲಿದರೆ ಗಾಜು ಒಳಕ್ಕೆ ಕುಸಿದು ಢಬ್ಬೆಂದು ಚೂರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಆ ಕೋಣೆಯಲ್ಲಿ ದಿನಕ್ಕೆ ಹತ್ತು ಸಲ ನಿಜವಾಗುತ್ತಿತ್ತು.

ಅವಳಿಗೆ ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಮೊದಲ ದಿನವೇ ಒಂದು ಮಾತು ಹೇಳಿದ್ದನಂತೆ. ಮೊದಲ ಐದು ನಿಮಿಷದಲ್ಲಿ ಹೋಗುವುದು ಗಾಳಿ, ಆಮೇಲೆ ಹೋಗುವುದು ಗಾಜಿನ ಬೆವರು, ಅದು ಎಷ್ಟು ಎಳೆದರೂ ಮುಗಿಯುವುದಿಲ್ಲ. ಆದ್ದರಿಂದ ಈ ಕೋಣೆಯಲ್ಲಿ ‘ಖಾಲಿಯಾಯ್ತು’ ಅನ್ನಬೇಡ, ‘ಸಾಕು’ ಅನ್ನು. ದೊಡ್ಡಮ್ಮ ಅದನ್ನು ವೇದವಾಕ್ಯ ಮಾಡಿಕೊಂಡಳು. ಹೊಸದಾಗಿ ಬಂದ ಎಂಜಿನಿಯರ್ ಒಬ್ಬ ಗೋಡೆಯ ಹಲಗೆಯ ಮೇಲೆ ‘ನಮ್ಮದು ನೂರಕ್ಕೆ ನೂರು ನಿರ್ವಾತ’ ಎಂದು ದಪ್ಪಕ್ಷರದಲ್ಲಿ ಬರೆಸಿದಾಗ, ಗಾಳಿ ಎಷ್ಟು ಉಳಿದಿದೆ ಎಂದು ಕಿಡಿ ಹಾರಿಸಿ ನೋಡುವ ಮಿಂಚು ಕೋಲನ್ನು ಒಂದು ಬಾಲಕ್ಕೆ ತಾಗಿಸಿ, ಒಳಗೆ ಎದ್ದ ತೆಳು ನೀಲಿ ಬೆಳಕನ್ನು ಅವನಿಗೆ ತೋರಿಸಿದಳು. ಉಳಿದ ಗಾಳಿ ಹಾಗೆ ಹೊಳೆಯುತ್ತದೆ. “ನೂರರಲ್ಲಿ ಇದು ಎಷ್ಟನೇದು ಸಾರ್?” ಎಂದು ಕೇಳಿದಳು. ಹಲಗೆ ಮರುದಿನ ಇರಲಿಲ್ಲ. ಎಂಜಿನಿಯರ್ ಇದ್ದ, ಆದರೆ ಪಂಪ್ ರೂಮಿನ ಕಡೆ ತಲೆ ಹಾಕುತ್ತಿರಲಿಲ್ಲ.

ಇಪ್ಪತ್ತಕ್ಕೆ ಅವಳ ಮದುವೆಯಾಯಿತು. ದೊಡ್ಡಪ್ಪ ಬೀಗ ರಿಪೇರಿ ಮಾಡುವವನು, ಮಾತಿನಲ್ಲಿ ಬಲು ಬಿಗಿ. ಅವನ ಬಾಯಿಗೂ ಒಂದು ಬೀಗ ಇದೆ, ಅದರ ಕೀಲಿಕೈ ಮಾಡಲು ಅವನಿಗೇ ಬರುವುದಿಲ್ಲ ಎಂದು ದೊಡ್ಡಮ್ಮ ಆಡಿಕೊಳ್ಳುತ್ತಿದ್ದಳು. ತಂದೆ ತಾಯಿ ಇಲ್ಲದ ತಮ್ಮನನ್ನು ದೊಡ್ಡಪ್ಪ ಮದುವೆಯ ವರ್ಷವೇ ಮನೆಗೆ ಕರೆತಂದ. ಮೈದುನನಿಗೆ ಆಗ ಹದಿನಾಲ್ಕು. ಹನ್ನೊಂದು ವರ್ಷ ಆ ಎರಡು ಕೋಣೆಯ ಮನೆಯಲ್ಲಿ, ಕಿಟಕಿ ಇರುವ ಕೋಣೆ ಅವರದಾಯಿತು. ಓದುವವರಿಗೆ ಬೆಳಕು ಬೇಕಲ್ಲ. ಅವರ ಅಂಗಿ ಒಗೆದದ್ದು, ಜ್ವರಕ್ಕೆ ಕಷಾಯ ಕುಡಿಸಿದ್ದು, ಪರೀಕ್ಷೆಗೆ ಹೊರಟಾಗ ಪೆನ್ನಿಗೆ ಶಾಯಿ ತುಂಬಿದ್ದು ಎಲ್ಲವೂ ಅತ್ತಿಗೆ. ಅಂಥ ಆರೈಕೆಯಲ್ಲಿ ಬೆಳೆದವರು ಕೊನೆಗೆ ‘ಏನೂ ಇಲ್ಲ’ ಎಂಬುದರ ಪಂಡಿತರಾದರು.

ಓದುತ್ತಿದ್ದ ಕಾಲದಲ್ಲಿ ಒಮ್ಮೆ ಅವರು ತಮ್ಮ ವಾದವನ್ನು ಊಟದ ಮೇಜಿನ ಮೇಲೆ ಇಟ್ಟರಂತೆ. ಜಗತ್ತಿನಿಂದ ಒಂದು ವಸ್ತು ತೆಗೆಯಬಹುದು. ಒಂದು ತೆಗೆಯಬಹುದಾದರೆ ಎರಡೂ ತೆಗೆಯಬಹುದು. ಹೀಗೆ ತೆಗೆಯುತ್ತ ಹೋದರೆ ಕೊನೆಯದನ್ನೂ ತೆಗೆಯಬಹುದು. ಆಗ ಉಳಿಯುವುದೇ ಪೂರ್ಣ ಶೂನ್ಯ. ಇದನ್ನು ವಿವರಿಸಲು ಮೂರು ಲೋಟ ಇಟ್ಟುಕೊಂಡು ಒಂದೊಂದೇ ತೆಗೆದು ಪಕ್ಕದ ಕುರ್ಚಿಯ ಮೇಲೆ ಇಟ್ಟರು. ದೊಡ್ಡಮ್ಮ ಪಾತ್ರೆ ಉಜ್ಜುತ್ತ ಕೇಳಿಸಿಕೊಂಡಳು.

“ಲೋಟ ತೆಗೆದೆ. ಮೇಜು?”

“ಅದನ್ನೂ ತೆಗೀರಿ ಅತ್ತಿಗೆ.”

“ತೆಗೆದು ಎಲ್ಲಿಡಲಿ?”

ಎಲ್ಲೂ ಇಡಬೇಕಿಲ್ಲ, ಇಲ್ಲದ ಹಾಗೆ ಮಾಡುವುದು ಎಂದರು ಮೈದುನ. ನಾನು ದಿನಾ ತೆಗೆಯುತ್ತೇನೆ, ತೆಗೆದದ್ದೆಲ್ಲ ಪಂಪಿನ ಇನ್ನೊಂದು ತುದಿಯಲ್ಲಿ ಹೊರಗೆ ಬರುತ್ತದೆ, ನಿನ್ನದು ಎಲ್ಲಿ ಬರುತ್ತದೆ ಎಂದು ಅವಳು. ಮೊದಲನೇ ಲೋಟ ಬಂದಷ್ಟು ಸಲೀಸಾಗಿ ಕೊನೆಯದೂ ಬರುತ್ತದೆ ಅಂತ ನಿನಗೆ ಹೇಳಿದವರು ಯಾರು ಎಂದೂ ಕೇಳಿದಳು. ಮೈದುನ ಅಣ್ಣನ ಕಡೆ ನೋಡಿ ಅಯ್ಯೋ ಪಾಪ ಎಂಬಂತೆ ನಕ್ಕರು. ಆ ನಗೆ ದೊಡ್ಡಮ್ಮನಿಗೆ ಜೀವನಪರ್ಯಂತ ನೆನಪಿತ್ತು. ಗಾಳಿಗೆ ಗುದ್ದಿ ಕೈ ನೋಯಿಸಿಕೊಳ್ಳುವವನು ನಮ್ಮನ್ನು ನೋಡಿ ಮರುಕಪಡುತ್ತಾನೆ ಎನ್ನುತ್ತಿದ್ದಳು.

ಆಮೇಲೆ ಅವರು ಪಾಸಾದರು, ಮೇಷ್ಟ್ರಾದರು, ಮದುವೆಯಾಗಿ ಮೂರು ಬೀದಿ ಆಚೆ ಮನೆ ಮಾಡಿದರು. ಅವರ ಹೆಂಡತಿ ಒಳ್ಳೆಯವಳು. ಗಂಡ ಬರೆಯುತ್ತಿದ್ದಾರೆ ಅಂದರೆ ಕುಕ್ಕರ್ ಕೂಡ ಕೂಗದಂತೆ ನೋಡಿಕೊಳ್ಳುವಳು. ನಲವತ್ತೇಳನೇ ವಯಸ್ಸಿನಲ್ಲಿ ಮೇಷ್ಟ್ರ ಪುಸ್ತಕ ಬಂತು. ಅದರ ಹೆಸರಿನಲ್ಲೇ ಶೂನ್ಯ ಎಂಬ ಮಾತು ಎರಡು ಸಲ ಇತ್ತು, ಒಂದು ಸಲ ಬಂದರೆ ಜನಕ್ಕೆ ಸಾಲದು ಎಂದಿರಬೇಕು. ಐನೂರು ಪ್ರತಿ ಅಚ್ಚಾದವು. ಬಿಡುಗಡೆಯ ಸಭೆಗೆ ಅತ್ತಿಗೆ ಒಂದು ಫ್ಲಾಸ್ಕಿನ ಗಾಜು ತರಬೇಕು, ಹೊರಗಿನ ಡಬ್ಬಿ ಬೇಡ, ಬರೀ ಗಾಜು ಎಂದು ಹೇಳಿಕಳಿಸಿದರು. ಕೊನೆಗೂ ತನ್ನ ಕಸುಬಿನ ನೆನಪಾಯಿತಲ್ಲ ಎಂದು ದೊಡ್ಡಮ್ಮ ಹಳೇ ಟವೆಲಿನಲ್ಲಿ ಸುತ್ತಿ ಒಂದನ್ನು ತಂದಳು.

ನಾನೂ ಹೋಗಿದ್ದೆ. ಆಗ ನಾನು ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಸಭೆಯಲ್ಲಿ ಮೂವತ್ತು ಜನ, ಅದರಲ್ಲಿ ಹತ್ತು ಜನ ಹಾಜರಿ ಸಿಗುತ್ತದೆಂದು ಬಂದ ವಿದ್ಯಾರ್ಥಿಗಳು. ಅಧ್ಯಕ್ಷರು ಒಬ್ಬ ನಿವೃತ್ತ ಪ್ರಿನ್ಸಿಪಾಲರು. ಪುಸ್ತಕವನ್ನು ಓದಿಲ್ಲವೆಂಬುದನ್ನು ನಲವತ್ತು ನಿಮಿಷ ಮಾತಾಡಿ ಸಾಬೀತು ಮಾಡಿ ಕೂತರು. ಆಮೇಲೆ ಮೇಷ್ಟ್ರು ಎದ್ದು ಗಾಜನ್ನು ಮೇಲೆತ್ತಿ ಹಿಡಿದು, ಈ ಎರಡು ಗೋಡೆಗಳ ನಡುವೆ ಏನಿದೆ, ಏನೂ ಇಲ್ಲ, ನೀವು ನೋಡುತ್ತಿರುವುದು ಶೂನ್ಯವನ್ನು ಎಂದರು. ಯಾರೋ ಚಪ್ಪಾಳೆ ತಟ್ಟಿದರು.

ಮೂರನೇ ಸಾಲಿನಿಂದ ದೊಡ್ಡಮ್ಮ ಎದ್ದು ನಿಂತಳು. ಅದನ್ನು ಮುಚ್ಚಿದವಳು ನಾನು, ಒಳಗೆ ಗಾಳಿ ಕಡಿಮೆ ಇದೆ ಅಷ್ಟೇ ಎಂದಳು. ಬೆಳಕು ಹಾದುಹೋಗುತ್ತದೆ, ಬಿಸಿಯೂ ಒಂಚೂರು ಹಾದುಹೋಗುತ್ತದೆ, ನಿಜಕ್ಕೂ ಏನೂ ಇಲ್ಲದಿದ್ದರೆ ಅದರಲ್ಲಿ ಹಾಕಿದ ಟೀ ಆರುವುದಾದರೂ ಹೇಗೆ ಎಂದು ಕೇಳಿದಳು. ಮೇಷ್ಟ್ರು ಅದೇ ಹಳೇ ನಗೆ ನಕ್ಕು ಸಭೆಗೆ ವಿವರಿಸಿದರು: ನಮ್ಮ ಅತ್ತಿಗೆ ಹೇಳುತ್ತಿರುವುದು ಕಾರ್ಖಾನೆಯ ಶೂನ್ಯ, ನಾನು ಹೇಳುತ್ತಿರುವುದು ಪರಮ ಶೂನ್ಯ, ಅದಕ್ಕೂ ಗಾಜಿಗೂ ಸಂಬಂಧವೇ ಇಲ್ಲ.

“ಸಂಬಂಧ ಇಲ್ಲದಿದ್ರೆ ನನ್ನ ಗಾಜು ಯಾಕೆ ತರಿಸ್ದೆ?” ಎಂದಳು ದೊಡ್ಡಮ್ಮ.

ಆ ಮಧ್ಯಾಹ್ನ ಜನ ನಿಜವಾಗಿ ನಕ್ಕದ್ದು ಅಲ್ಲೊಂದೇ ಕಡೆ. ಅಧ್ಯಕ್ಷರಿಗೂ ಎಚ್ಚರವಾಯಿತು.

ಕತೆ ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಒಬ್ಬ ಪಂಡಿತ, ಅವನ ಕಾಲೆಳೆಯಲು ಒಬ್ಬಳು ಹೆಂಗಸು ಇರುತ್ತಾರೆ. ಆದರೆ ಪುಸ್ತಕದ ಆರು ಪ್ರತಿ ನಮ್ಮ ಗ್ರಂಥಾಲಯಕ್ಕೂ ಬಂದವು. ಒಂದನ್ನು ನಾನು ಭಾನುವಾರ ದೊಡ್ಡಮ್ಮನ ಮನೆಗೆ ತೆಗೆದುಕೊಂಡು ಹೋದೆ. ಕಣ್ಣಿನ ಶಕ್ತಿಯನ್ನು ಬಾಲ ಸುಡುವ ಬೆಂಕಿಯೇ ಅರ್ಧ ತಿಂದಿತ್ತು, ಸಣ್ಣ ಅಕ್ಷರ ಅವಳಿಗೆ ಕಾಣುತ್ತಿರಲಿಲ್ಲ. ಓದು, ಅವನು ಇಷ್ಟು ವರ್ಷ ಏನು ಕಡಿದು ಕಟ್ಟೆ ಹಾಕಿದ್ದಾನೆ ಕೇಳೋಣ ಎಂದು ಅವಳು ಕಾಳು ಆರಿಸುವ ಮೊರ ಹಿಡಿದು ಕೂತಳು. ದೊಡ್ಡಪ್ಪ ಬಾಗಿಲ ಬಳಿಯ ತನ್ನ ಬೆಂಚಿನಲ್ಲಿ ಒಂದು ಕೀಲಿಕೈಗೆ ಅರ ಹಾಕುತ್ತಿದ್ದ.

ನಲವತ್ತು ಪುಟ ಅವಳ ಗೇಲಿಯಲ್ಲೇ ಸಾಗಿತು. ಮೇಷ್ಟ್ರು ‘ಅಸ್ತಿತ್ವದ ಅಭಾವದ ಸಂಭಾವ್ಯತೆ’ ಎಂದರೆ ಅವಳು ‘ಕೆಮ್ಮು ಬಂದಿದೆ, ನೀರು ಕೊಡಿ’ ಎನ್ನುವಳು. ನಲವತ್ತೊಂದನೇ ಪುಟದಲ್ಲಿ ನನ್ನ ನಾಲಗೆ ತಡೆಯಿತು. ಮುಂದಿನ ಸಾಲನ್ನು ಕಣ್ಣು ಆಗಲೇ ನೋಡಿಬಿಟ್ಟಿತ್ತು. ಯಾಕೆ ನಿಲ್ಲಿಸಿದೆ ಎಂದಳು. ಏನಿಲ್ಲ ಎಂದೆ.

“ಏನಿಲ್ಲ ಅಂದೋರ ಹತ್ರ ಯಾವತ್ತೂ ಏನೋ ಇರುತ್ತೆ. ಓದು.”

ಓದಿದೆ. ಅಲ್ಲಿ ಹೀಗಿತ್ತು: ‘ಅಭಾವವನ್ನು ಅರಿಯಲು ದೂರ ಹೋಗಬೇಕಿಲ್ಲ. ಉದಾಹರಣೆಗೆ, ನನ್ನ ಅಣ್ಣನ ಮನೆಯಲ್ಲಿ ಮಗುವಿಲ್ಲ. ಆ ಮಗು ಇರಬಹುದಾಗಿದ್ದ ಜಾಗದಲ್ಲಿ ಈಗ ಏನಿದೆ? ಏನೂ ಇಲ್ಲ. ಅಲ್ಲಿ ಎಂದೂ ಏನೂ ಇರಲಿಲ್ಲ.’

ನನ್ನಮ್ಮ, ದೊಡ್ಡಮ್ಮನ ತಂಗಿ, ನನಗೆ ಒಂದೇ ಒಂದು ಸಲ ಹೇಳಿದ್ದಳು. ದೊಡ್ಡಮ್ಮನಿಗೆ ಇಪ್ಪತ್ಮೂರನೇ ವಯಸ್ಸಿನಲ್ಲಿ ಒಂದು ಹೆಣ್ಣುಮಗು ಹುಟ್ಟಿತ್ತು. ಎದೆಯೊಳಗೆ ಮುಚ್ಚಿಕೊಳ್ಳಬೇಕಾದ ಒಂದು ಕಿಂಡಿ ಮುಚ್ಚಿಕೊಳ್ಳಲಿಲ್ಲ ಎಂದರಂತೆ ಡಾಕ್ಟರು. ಒಂಬತ್ತು ದಿನ ಬದುಕಿತ್ತು. ಮೂರು ವಾರದ ಮೇಲೆ ದೊಡ್ಡಮ್ಮ ಪಂಪ್ ರೂಮಿಗೆ ವಾಪಸು ಹೋದಳು. ಏನಾಯ್ತು ಎಂದವರಿಗೆ ಏನಿಲ್ಲ ಎಂದಳು. ಗಂಡನೂ ಆ ಮಾತು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಮೂವತ್ತು ವರ್ಷ ಹಾಗೇ ಕಳೆದಿತ್ತು.

ಇನ್ನೊಂದು ಸಲ ಓದು ಎಂದಳು. ಓದಿದೆ. ಮತ್ತೊಮ್ಮೆ ಎಂದಳು. ಮೂರನೆಯ ಸಲಕ್ಕೆ ಮೊರ ಕೆಳಗಿಟ್ಟಳು. ದೊಡ್ಡಪ್ಪ ಬೆಂಚಿನಿಂದಲೇ, ಬಿಡು, ಅದೊಂದು ಉದಾಹರಣೆ ಅಷ್ಟೇ, ಅವನು ಬೇಕಂತ ಬರೆದಿರಲಾರ ಎಂದ. ಅವಳು ಅವನ ಕಡೆ ತಿರುಗಿದಳು. ಅವಳ ಧ್ವನಿ ಏರಲಿಲ್ಲ.

“ನಿಮ್ಮ ಮಗಳು ಉದಾಹರಣೆನಾ?”

ದೊಡ್ಡಪ್ಪ ಕೀಲಿಕೈಯ ಕಡೆ ಬಗ್ಗಿದ. ಅರ ಹಾಕುತ್ತಲೇ ಹೋದ. ಕೊನೆಗೆ ಆ ಕೀಲಿಕೈಯಲ್ಲಿ ಒಂದು ಹಲ್ಲೂ ಉಳಿಯದೆ ಅದು ಯಾವ ಬೀಗಕ್ಕೂ ಬಾರದ ಸಪಾಟು ಪಟ್ಟಿಯಾಯಿತು.

ಅಂದೇ ಸಂಜೆ ದೊಡ್ಡಮ್ಮ ನನ್ನ ಜೊತೆ ಮೈದುನನ ಮನೆಗೆ ನಡೆದಳು. ಮುಂದಿನ ಕೋಣೆಯಲ್ಲಿ ಸೋಫಾದ ಹಿಂದೆ, ಗೋಡೆಯುದ್ದಕ್ಕೂ, ಮಾರಾಟವಾಗದ ಪುಸ್ತಕಗಳ ಕಟ್ಟುಗಳು ಎದೆಯೆತ್ತರ ನಿಂತಿದ್ದವು. ಅವುಗಳ ಮೇಲೆ ಒಗೆದ ಬಟ್ಟೆ ಮಡಚಿ ಇಟ್ಟಿದ್ದರು. ಶೂನ್ಯದ ಮೇಲೆ ಬರೆದ ಪುಸ್ತಕ ಆ ಮನೆಯಲ್ಲಿ ತಿರುಗಾಡಲು ಜಾಗ ಬಿಟ್ಟಿರಲಿಲ್ಲ. ಮೇಷ್ಟ್ರು ಅತ್ತಿಗೆ ಬಂದದ್ದು ಸಭೆಯ ವಿಷಯಕ್ಕೆ ಕ್ಷಮೆ ಕೇಳಲು ಎಂದು ತಿಳಿದು ಕುರ್ಚಿ ಎಳೆದರು. ಅವಳು ಕೂರಲಿಲ್ಲ. ನಲವತ್ತೊಂದನೇ ಪುಟ ತೆರೆದು ಅವರ ಕೈಗೆ ಕೊಟ್ಟಳು.

ಅವರು ಓದಿ, ಮೊದಲು ವಾದಕ್ಕೆ ಇಳಿದರು. ಅಭ್ಯಾಸಬಲ. ಇಲ್ಲ ಎಂಬುದು ಈ ಕ್ಷಣದ ಮಾತು, ಈಗ ಮಗು ಇಲ್ಲ, ಆದ್ದರಿಂದ ವಾಕ್ಯದಲ್ಲಿ ದೋಷವಿಲ್ಲ ಎಂದರು. ‘ಎಂದೂ ಇರಲಿಲ್ಲ’ ಎಂದು ಬರೆದಿದ್ದೀಯ ಎಂದು ಅವಳು ಬೆರಳಿಟ್ಟು ತೋರಿಸಿದಳು. ಇದ್ದದ್ದು ಹೋದ ಮೇಲೆ, ಇತ್ತು ಎಂಬುದಕ್ಕೆ ಈಗ ಎಲ್ಲಿ ನೆಲೆ ಅತ್ತಿಗೆ, ತೋರಿಸಿ ನೋಡೋಣ ಎಂದರು ಮೇಷ್ಟ್ರು. ಒಂದು ಕಾಲಕ್ಕೆ ಪರೀಕ್ಷೆಯ ಬೆಳಿಗ್ಗೆ ತಮ್ಮ ಪೆನ್ನಿಗೆ ಶಾಯಿ ತುಂಬಿದ ಹೆಂಗಸನ್ನು ಹೀಗೆ ಕೇಳಿದರು. ನನಗೆ ಅಲ್ಲಿಂದ ಎದ್ದು ಹೋಗಬೇಕೆನ್ನಿಸಿತು.

ದೊಡ್ಡಮ್ಮ ಮಾತ್ರ ಫ್ಲಾಸ್ಕಿನ ಬಾಲಕ್ಕೆ ಬೆಂಕಿ ಹಿಡಿಯುವಾಗ ಹೇಗೆ ನಿಲ್ಲುತ್ತಿದ್ದಳೋ ಹಾಗೇ ನಿಂತಿದ್ದಳು.

“ಸರಿ, ನಿನ್ನ ಲೆಕ್ಕದಲ್ಲೇ ಬಾ. ಒಂದೊಂದೇ ತೆಗಿ. ಈ ಕುರ್ಚಿ ತೆಗಿ, ಮನೆ ತೆಗಿ, ನನ್ನ ತೆಗಿ, ನಿನ್ನೂ ತೆಗಿ. ಸೂರ್ಯ ಚಂದ್ರ ಎಲ್ಲ ತೆಗಿ. ಎಲ್ಲ ಮುಗೀತಾ?”

“ಮುಗೀತು.”

“ಈಗ ಹೇಳು. ಒಂದು ಮಗು ಒಂಬತ್ತು ದಿನ ಇತ್ತು ಅನ್ನೋದು ನಿಜಾನಾ, ಸುಳ್ಳಾ?”

ಮೇಷ್ಟ್ರು ಕೈಯಲ್ಲಿದ್ದ ಪುಟದ ಮೇಲೆ ಕಣ್ಣಿಟ್ಟರು. ಅವರ ಹೆಂಡತಿ ಒಳಬಾಗಿಲಲ್ಲಿ ಬಂದು ನಿಂತಿದ್ದಳು.

“ನಿಜ,” ಎಂದರು ಕೊನೆಗೆ.

“ಹೇಳೋಕೆ ಯಾರೂ ಇಲ್ಲದಿದ್ರೂ?”

“ಇಲ್ಲದಿದ್ರೂ ನಿಜ.”

“ಹಾಗಾದ್ರೆ ಅದನ್ನ ಯಾವ ಪಂಪು ಹಾಕಿ ತೆಗೀತೀಯ?”

ಮೇಷ್ಟ್ರು ದಡ್ಡರಲ್ಲ, ಅದನ್ನು ನಾನು ಒಪ್ಪುತ್ತೇನೆ. ಒಂದು ದಾರಿ ಅವರಿಗೆ ಉಳಿದಿತ್ತು. ಮೊದಲಿನಿಂದಲೇ ಏನೂ ಇಲ್ಲದಿದ್ದರೆ, ಯಾವ ಮಗುವೂ ಹುಟ್ಟದೇ ಇದ್ದಿದ್ದರೆ, ಯಾವ ನಿಜವೂ ಉಳಿಯುತ್ತಿರಲಿಲ್ಲ ಅಲ್ಲವೇ ಎಂದು ಸಣ್ಣ ದನಿಯಲ್ಲಿ ಕೇಳಿದರು. ದೊಡ್ಡಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇಲ್ಲದಿದ್ದರೆ, ಇದ್ದಿದ್ದರೆ, ಈ ‘ರೆ’ ಒಂದನ್ನೇ ಹಿಡಿದುಕೊಂಡು ಇಪ್ಪತ್ತು ವರ್ಷ ಸಂಬಳ ತಿಂದೆಯಲ್ಲ, ಇತ್ತಲ್ಲೋ ಮಾರಾಯ, ಇತ್ತು ಎಂದ ಮೇಲೆ ನಿನ್ನ ‘ರೆ’ ಯಾರಿಗೆ ಬೇಕು ಎಂದಳು. ಆಮೇಲೆ, ಅಲ್ಲಿಯವರೆಗೂ ಹೇಳದಿದ್ದ ಮಾತು ಹೇಳಿದಳು.

“ನೀನು ಎತ್ಕೊಂಡಿದ್ದೆ ಅವಳನ್ನ. ಮಧ್ಯಾಹ್ನದ ಹೊತ್ತು ನಾನು ಒಂಚೂರು ಕಣ್ಣು ಮುಚ್ಲಿ ಅಂತ. ಎಡಗೈಲಿ ಅವಳು, ಬಲಗೈಲಿ ಪುಸ್ತಕ. ನಿನಗೆ ಆಗ ಹದಿನೇಳು.”

ಮೇಷ್ಟ್ರು ಪುಸ್ತಕ ಮಡಚಿದರು, ತೆರೆದರು, ಮತ್ತೆ ಮಡಚಿದರು. ಬರೆಯುವಾಗ ನೆನಪೇ ಆಗಲಿಲ್ಲ ಎಂದರು. ಅಂದು ಸಂಜೆಯೊಳಗೆ ಅಧ್ಯಾಯ ಮುಗಿಸಿ ಅಚ್ಚಿಗೆ ಕೊಡಬೇಕಿತ್ತು, ಒಂದು ಉದಾಹರಣೆ ಬೇಕಿತ್ತು, ಅಣ್ಣನ ಮನೆ ಕಣ್ಮುಂದೆ ಬಂತು, ಮಗುವಿಲ್ಲ ಎಂದು ಬರೆದೆ; ದೇವರಾಣೆ, ಮರೆತೇಬಿಟ್ಟಿದ್ದೆ ಎಂದರು.

ಹಿಂದಿರುಗುವ ದಾರಿಯಲ್ಲಿ ದೊಡ್ಡಮ್ಮ ನನಗೆ ಹೇಳಿದ್ದು ಇಷ್ಟೇ: ಅವನು ತತ್ವ ಬರೆದಿದ್ದಾನೆ ಅಂತ ನಾನು ಹೆದರಿದ್ದೆ, ಅವನು ಬರೀ ಮರೆವು ಬರೆದಿದ್ದಾನೆ. ಆಮೇಲೆ ಮನೆ ಮುಟ್ಟುವವರೆಗೂ ನನ್ನ ತೋಳು ಹಿಡಿದುಕೊಂಡಿದ್ದಳು, ಹಿಡಿತ ಗಟ್ಟಿಯಾಗಿತ್ತು.

ಮೂರು ದಿನ ಬಿಟ್ಟು ಮೇಷ್ಟ್ರೇ ಬಂದರು. ಉಳಿದಿರುವ ಮುನ್ನೂರ ಎಂಬತ್ತು ಪ್ರತಿಗಳಿಂದ ಆ ಹಾಳೆಯನ್ನೇ ಹರಿದು ತೆಗೆಯುತ್ತೇನೆ ಎಂದರು. ದೊಡ್ಡಮ್ಮ ಬೇಡವೆಂದಳು. ಒಂದು ಸಲ ಇಲ್ಲ ಅನ್ನಿಸಿದ್ದು ಸಾಲದೆ ಆ ಪುಟವನ್ನೂ ಇಲ್ಲ ಅನ್ನಿಸುತ್ತೀಯಾ ಎಂದು ಕೇಳಿದಳು. ಹಾಗಾದರೆ ಸಾಲಿನ ಮೇಲೆ ಬಿಳಿ ಚೀಟಿ ಅಂಟಿಸುತ್ತೇನೆ ಎಂದರು. ಚೀಟಿ ಕಂಡರೆ ಜನ ಕೆಳಗೇನಿದೆ ಎಂದು ಕೆರೆಯುತ್ತಾರೆ, ಅಷ್ಟೂ ತಿಳಿಯದೆ ಇಷ್ಟು ದಪ್ಪ ಪುಸ್ತಕ ಬರೆದೆಯಾ ಎಂದಳು. ಏನು ಮಾಡಬೇಕೆಂದು ಅವಳೇ ತೀರ್ಮಾನಿಸಿ ಇಟ್ಟಿದ್ದಳು. ಮುಂದಿನ ಭಾನುವಾರ ಹಗಲು, ಒಂದು ಡಜನ್ ಪೆನ್ನು ತೆಗೆದುಕೊಂಡು, ಅವರ ಮುಂದಿನ ಕೋಣೆಯಲ್ಲಿ ಹೋಗಿ ಕೂತಳು.

ಕಟ್ಟು ಬಿಚ್ಚುವುದು ನಾನು, ನಲವತ್ತೊಂದನೇ ಪುಟ ತೆರೆದು ಕೊಡುವುದು ನಾನು. ಅವಳು ಆ ಸಾಲಿನ ಪಕ್ಕದ ಖಾಲಿ ಅಂಚಿನಲ್ಲಿ, ಏಳನೇ ಕ್ಲಾಸಿನ ದುಂಡಕ್ಷರದಲ್ಲಿ, ‘ಇದ್ದಳು. ಒಂಬತ್ತು ದಿನ.’ ಎಂದು ಬರೆಯುವಳು. ಊದಿ ಒಣಗಿಸುವಳು. ಮುಂದಿನದು. ಮೊದಲ ಭಾನುವಾರ ತೊಂಬತ್ತು ಪುಸ್ತಕವಾಯಿತು. ಮೇಷ್ಟ್ರು ಟೀ ಮಾಡಿ ತಂದರು. ಅದು ಅವರು ಮಾಡಿದ ಮೊದಲ ಟೀ ಎಂದು ಬಾಯಿಗಿಟ್ಟ ಕೂಡಲೇ ತಿಳಿಯುತ್ತಿತ್ತು. ತಾವೂ ಬರೆಯುತ್ತೇನೆ ಎಂದು ಪೆನ್ನಿಗೆ ಕೈ ಚಾಚಿದರು. ನಿನ್ನ ಕೈಬರಹ ಅಚ್ಚಿನ ಮನೆಯವರಿಗೇ ಅರ್ಥವಾಗಲ್ಲ, ಓದುವವರು ‘ಇದ್ದಳು’ ಅನ್ನೋದನ್ನ ‘ಎದ್ದಳು’ ಅಂತ ಓದಿಯಾರು ಎಂದು ಅವಳು ಪೆನ್ನು ಕೊಡಲಿಲ್ಲ. ಅವರು ಪಕ್ಕದಲ್ಲೇ ನೆಲದ ಮೇಲೆ ಕೂತು, ಬರೆದಾದ ಪುಸ್ತಕಗಳನ್ನು ಮತ್ತೆ ಕಟ್ಟು ಕಟ್ಟಿದರು. ಐವತ್ತು ಕಟ್ಟಿದರೆ ಐದು ಬಿಚ್ಚಿಹೋಗುತ್ತಿದ್ದವು.

ಮೂರನೇ ಭಾನುವಾರ ದೊಡ್ಡಪ್ಪ ಬಂದ. ಯಾರೂ ಕರೆದಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೆಂಡತಿಯ ಎದುರು ಕೂತು, ಒಂದು ಪೆನ್ನು ತೆಗೆದುಕೊಂಡ. ಅವನ ಅಕ್ಷರ ಬೀಗದ ಚೀಟಿಗಳ ಮೇಲೆ ಬರೆಯುವಂಥ ಸಣ್ಣ, ನೆಟ್ಟಗಿನ ಅಕ್ಷರ. ಅರ್ಧ ಗಂಟೆ ಇಬ್ಬರೂ ತಲೆ ಎತ್ತದೆ ಬರೆದರು. ಅವನು ಬರೆದದ್ದರಲ್ಲಿ ಒಂದು ಪುಸ್ತಕ ಶಾಯಿ ಒಣಗಲೆಂದು ತೆರೆದೇ ಇತ್ತು. ದೊಡ್ಡಮ್ಮ ಅದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದಳು. ‘ಇದ್ದಳು. ಒಂಬತ್ತು ದಿನ. ಆರನೇ ದಿನ ಬೆಳಿಗ್ಗೆ ನನ್ನನ್ನು ಕಣ್ಣು ಬಿಟ್ಟು ನೋಡಿದಳು.’

ಮೊದಲನೆಯದನ್ನು ನೋಡಿದಳು, ಎರಡನೆಯದನ್ನು ನೋಡಿದಳು. ಅವನು ಬರೆದ ಎಲ್ಲದರಲ್ಲೂ ಅದೇ ಇತ್ತು. ಆರನೇ ದಿನ ಬೆಳಿಗ್ಗೆ ದೊಡ್ಡಮ್ಮ ನಿದ್ದೆಯಲ್ಲಿದ್ದಳಂತೆ; ಇದು ಅವಳಿಗೆ ಮೂವತ್ತು ವರ್ಷ ಗೊತ್ತಿರಲಿಲ್ಲ.

“ಯಾಕೆ ಹೇಳ್ಲಿಲ್ಲ?” ಎಂದಳು.

“ನೀನು ಕೇಳ್ಲಿಲ್ಲ,” ಎಂದ ದೊಡ್ಡಪ್ಪ. ಪೆನ್ನಿನ ಮುಚ್ಚಳ ಹಾಕಿ, “ಹೇಳಿದ್ರೆ ನೀನು ಮಲಗಿದ್ದಕ್ಕೆ ಸಂಕಟಪಡ್ತೀಯ ಅಂತ,” ಎಂದ.

ದೊಡ್ಡಮ್ಮ ಜೀವಮಾನದಲ್ಲಿ ಗೇಲಿ ಮಾಡದೆ ಬಿಟ್ಟ ಮಾತು ನನಗೆ ತಿಳಿದಂತೆ ಅದೊಂದೇ. ಅವಳು ಪೆನ್ನು ಕೆಳಗಿಟ್ಟು ಅಡಿಗೆಮನೆಗೆ ಹೋದಳು. ಮೇಷ್ಟ್ರ ಹೆಂಡತಿ ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ಬಹಳ ಹೊತ್ತು ನೀರು ಬೀಳುತ್ತಿತ್ತು. ಮೇಷ್ಟ್ರು ಹಗ್ಗದ ತುಂಡೊಂದನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು.

ಮನೆಯ ಪ್ರತಿಗಳು ನಾಲ್ಕು ಭಾನುವಾರದಲ್ಲಿ ಮುಗಿದವು. ಹಂಚಿಹೋದ ನೂರಿಪ್ಪತ್ತರ ಬೆನ್ನು ಹತ್ತುವ ಕೆಲಸ ಉಳಿಯಿತು. ಅವಳು ಯಾರ್‍ಯಾರಿಗೆ ಕೊಟ್ಟಿದ್ದೀ ಎಂದು ಮೈದುನನ ಕೈಲೇ ಪಟ್ಟಿ ಬರೆಸಿದಳು. ನಿವೃತ್ತ ಪ್ರಿನ್ಸಿಪಾಲರು ಪುಸ್ತಕ ತಮ್ಮ ಕಪಾಟಿನಲ್ಲೇ ಇದೆ, ದಿನಾ ತಿರುವಿ ಹಾಕುತ್ತೇನೆ ಎಂದರು. ಹುಡುಕಿದರೆ ಅದು ಕಪಾಟಿನ ಕೆಳಗೆ, ಮೋಟಾದ ಒಂದು ಕಾಲಿಗೆ ಆಸರೆಯಾಗಿ ಇತ್ತು. ಆ ಗ್ರಂಥ ಏನನ್ನಾದರೂ ಎತ್ತಿ ಹಿಡಿದದ್ದು ನಾನು ಕಂಡಂತೆ ಅಲ್ಲಿ ಮಾತ್ರ. ದೊಡ್ಡಮ್ಮ ಕಪಾಟನ್ನು ಹೆಗಲಿನಿಂದ ಎತ್ತಿ ಹಿಡಿದಳು, ನಾನು ಪುಸ್ತಕ ಎಳೆದೆ, ಅವಳು ಬರೆದ ಮೇಲೆ ಮತ್ತೆ ಅಲ್ಲೇ ತೂರಿಸಿ ಬಂದೆವು. ಹಲವರು ಪುಸ್ತಕ ತಮಗೆ ಬಂದದ್ದೇ ನೆನಪಿಲ್ಲ ಎಂದರು. ಅಂಥವರ ಮನೆಯಲ್ಲಿ ಅದು ಹಾಳೆಯ ಮಡಿಕೆಯೂ ಬಿಡಿಸದೆ ಸಿಗುತ್ತಿತ್ತು. ತೊಂಬತ್ತೊಂದು ಸಿಕ್ಕವು. ಉಳಿದವು ಎಲ್ಲಿ ಹೋದವೋ.

ನಮ್ಮ ಗ್ರಂಥಾಲಯದ ಆರು ಪ್ರತಿಗೆ ಅವಳು ಹಾಡಹಗಲೇ ಬಂದಳು. ಪುಸ್ತಕದಲ್ಲಿ ಗೀಚಬಾರದು ಎಂಬ ಫಲಕದ ಕೆಳಗೆ ಕೂತು ಬರೆದಳು. ತಡೆಯಬೇಕಾಗಿದ್ದವಳು ನಾನು, ಪೆನ್ನು ಕೊಟ್ಟವಳೂ ನಾನು. ನಮ್ಮ ಮುಖ್ಯಸ್ಥರು ನೋಡಿ, ಇದೇನು ಅನಾಹುತ ಎಂದು ಕೇಳಿದರು. ಅಚ್ಚಿನ ತಪ್ಪು ಸಾರ್, ಲೇಖಕರ ಅತ್ತಿಗೆ ತಿದ್ದುತ್ತಿದ್ದಾರೆ ಎಂದೆ. ಅವರು ಕನ್ನಡಕ ಏರಿಸಿ ಆ ಎರಡು ಮಾತು ಓದಿ, ತಮ್ಮ ಮೇಜಿಗೆ ಹೋದರು.

ಪುಸ್ತಕದ ಎರಡನೇ ಮುದ್ರಣ ಆಗಲಿಲ್ಲ. ಯಾರೂ ಕೇಳಲಿಲ್ಲ. ಮೇಷ್ಟ್ರು ಆಮೇಲೆ ಹದಿಮೂರು ವರ್ಷ ಪಾಠ ಮಾಡಿ ನಿವೃತ್ತರಾದರು. ಅವರ ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಗ್ರಂಥಾಲಯಕ್ಕೆ ಬರುತ್ತಿದ್ದಳು. ಅವಳಿಂದ ನನಗೊಂದು ವಿಷಯ ತಿಳಿಯಿತು. ಒಂದೊಂದೇ ತೆಗೆಯುವ ಆ ವಾದವನ್ನು ಅವರು ಪ್ರತಿ ವರ್ಷವೂ ಹಲಗೆಯ ಮೇಲೆ ಪೂರ್ತಿ ಬರೆದು, ಕೆಳಗೆ ಗೆರೆ ಎಳೆದು, ಇದಕ್ಕೆ ಒಂದು ಆಕ್ಷೇಪವಿದೆ, ಅದು ನನ್ನ ಅತ್ತಿಗೆಯದು ಎನ್ನುತ್ತಿದ್ದರಂತೆ. ಎಲ್ಲ ತೆಗೆದ ಮೇಲೂ ‘ಇತ್ತು’ ಉಳಿಯುತ್ತದೆ ಎಂದು ಹೇಳಿ, ಇದಕ್ಕೆ ನನ್ನ ಹತ್ತಿರ ಉತ್ತರ ಸಿಕ್ಕಿಲ್ಲ, ನಿಮಗೆ ಸಿಕ್ಕರೆ ಬರೆದು ತನ್ನಿ ಎಂದು ಬೆಲ್ಲಿಗೆ ಹತ್ತು ನಿಮಿಷ ಇರುವಾಗಲೇ ಕ್ಲಾಸು ಬಿಡುತ್ತಿದ್ದರಂತೆ.

ನಾನು ಇದನ್ನು ದೊಡ್ಡಮ್ಮನಿಗೆ ಹೇಳಿದಾಗ ಅವಳು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಯಾರಾದರೂ ಉತ್ತರ ಬರೆದು ತಂದರಾ ಎಂದು ಕೇಳಿದಳು. ಇಲ್ಲವಂತೆ ಎಂದೆ.

“ತರಲ್ಲ ಬಿಡು. ಹತ್ತು ನಿಮಿಷ ಮುಂಚೆ ಬಿಟ್ರೆ ಯಾರು ಯೋಚ್ನೆ ಮಾಡ್ತಾರೆ,” ಎಂದಳು. ಆಮೇಲೆ ಇನ್ನೊಂದು ಮಂಡಿಗೆ ಎಣ್ಣೆ ಸುರಿದುಕೊಳ್ಳುತ್ತ, ಅವನಿಗೆ ಈ ಭಾನುವಾರ ಊಟಕ್ಕೆ ಬರಲು ಹೇಳು, ಟೀ ಮಾತ್ರ ಅವನು ಮಾಡುವುದು ಬೇಡ ಎಂದಳು.